ಅಚ್ಚುಮೊಳೆಯ ವಿದ್ಯೆ, ಕೀಲಿಮಣೆಯ ಕಾಲ



ಅಚ್ಚುಕೂಟವೊಂದರಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಿಂತ ಕಾಲಿನಲ್ಲಿಯೇ ಮೊಳೆ ಜೋಡಿಸಿ ಸಂಸಾರವನ್ನು ಸಾಕಿದ ತಂದೆಯ ಸ್ಮರಣಾರ್ಥವಾಗಿ ಮಕ್ಕಳು ತಮ್ಮ ಸಂಪಾದನೆಯಲ್ಲಿ ಒಂದು ಭಾಗವನ್ನು ತೆಗೆದಿರಿಸಿ ನಡೆಸಿಕೊಂಡು ಬರುತ್ತಿರುವ ಈ ಉಪನ್ಯಾಸಕ್ಕೆ, ಅಂತಹುದೇ ಮತ್ತೊಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಿಂದ ಜೀವನವನ್ನಾರಂಭಿಸಿದ ನನ್ನನ್ನು ಕರೆದಿರುವುದರಲ್ಲಿ ಒಂದು ಔಚಿತ್ಯವಿದೆಯೆಂದು ಭಾವಿಸಿ ಒಪ್ಪಿಕೊಂಡೆನು. ವಿಷಯವನ್ನು ಅವರು ನನ್ನ ಇಚ್ಛೆಗೇ ಬಿಟ್ಟರು. ಬದಲಾಗುತ್ತಿರುವ ಉದ್ಯೋಗಕ್ಷೇತ್ರದಲ್ಲಿ ನೌಕರರ ಕೌಶಲಾಭಿವೃದ್ಧಿ ಎಂಬ ಮಾತು ಈಗ ಸಭೆಗಳ ಆಮಂತ್ರಣಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತಿರುವುದಷ್ಟೆ. ಅದರ ಅರ್ಥ ಅದನ್ನಾಡುವವರ ಮನಸ್ಸಿನಲ್ಲಿ ಎಷ್ಟರಮಟ್ಟಿಗೆ ಸ್ಪಷ್ಟವಾಗಿದೆಯೋ ಎಂಬ ಸಂದೇಹ ನನ್ನನ್ನು ಬಹುಕಾಲದಿಂದ ಬಾಧಿಸಿದೆ. ಆದುದರಿಂದ ಆ ಮಾತನ್ನು ನಾನು ಕಣ್ಣಾರೆ ಕಂಡ ಒಂದು ಕಸುಬಿನ ನಡುವೆ ಇಟ್ಟು ನೋಡಬೇಕೆಂದು ಬಂದಿದ್ದೇನೆ. ಕನ್ನಡದ ಅಚ್ಚುಮೊಳೆಯ ಕಸುಬು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬಾಳಿ, ನನ್ನ ತಲೆಮಾರಿನವರ ಕಣ್ಣೆದುರಿನಲ್ಲಿಯೇ ಹದಿನೈದು ಇಪ್ಪತ್ತು ವರ್ಷಗಳೊಳಗಾಗಿ ಅಸ್ತಂಗತವಾಯಿತು. ಅದು ಹೋದದ್ದಕ್ಕಾಗಿ ಶೋಕಿಸಲು ನಾನು ಬಂದವನಲ್ಲ. ಹೋಗಲೇಬೇಕಾಗಿದ್ದುದರ ಜೊತೆಯಲ್ಲಿ, ಹೋಗಬೇಕಾಗಿಲ್ಲದ ಒಂದು ಸಂಪತ್ತನ್ನು ನಾವು ಹೇಗೆ ಕೈಬಿಟ್ಟೆವೆಂಬುದನ್ನು ತಮ್ಮ ಮುಂದೆ ನಿವೇದಿಸುವುದು ನನ್ನ ಉದ್ದೇಶ.

ಈ ಕಸುಬು ನಮ್ಮ ದೇಶದಲ್ಲಿ ಬೇರೂರಿದ ಬಗೆಯೇ ನನ್ನ ಮಾತಿಗೆ ಒಂದು ಪೀಠಿಕೆಯಾಗಬಲ್ಲದು. 1778ರಲ್ಲಿ ಹಾಲ್ಹೆಡ್ ಎಂಬವನ ಬಂಗಾಳೀ ವ್ಯಾಕರಣ ಅಚ್ಚಾದಾಗ, ಚಾರ್ಲ್ಸ್ ವಿಲ್ಕಿನ್ಸನ ಮಾರ್ಗದರ್ಶನದಲ್ಲಿ ಅದರ ಅಕ್ಷರಗಳನ್ನು ಲೋಹದಲ್ಲಿ ಕೊರೆಯಲು ನೆರವಾದವನು ಪಂಚಾನನ ಕರ್ಮಕಾರನೆಂಬ ಕಮ್ಮಾರ. ಅದಕ್ಕೆ ಹಿಂದೆ ಅವನು ಅಚ್ಚುಕೂಟವೊಂದನ್ನು ಕಂಡಿರುವ ಸಂಭವವಿರಲಿಲ್ಲ. ಆದರೆ ಲೋಹ ಯಾವ ಏಟಿಗೆ ಮಣಿಯುವುದು, ಯಾವ ಏಟಿಗೆ ಸೀಳುವುದು, ಉಳಿಯ ಅಂಚು ಎಷ್ಟು ಆಳಕ್ಕೆ ಇಳಿದರೆ ಗೆರೆ ನಿಲ್ಲುವುದು ಎಂಬುದು ಅವನ ಕೈಗೆ ವಂಶಪರಂಪರೆಯಿಂದ ತಿಳಿದಿತ್ತು. ಆ ತಿಳಿವನ್ನೇ ಅವನು ಹೊಸ ಕಾರ್ಯಕ್ಕೆ ಹೂಡಿದನು. ಮುಂದೆ ಅವನು ಬಂಗಾಳದ ಶ್ರೀರಾಮಪುರದಲ್ಲಿ ಪಾದ್ರಿ ವಿಲಿಯಂ ಕೇರಿಯ ಅಚ್ಚುಕೂಟವನ್ನು ಸೇರಿ, ತನ್ನ ಅಳಿಯ ಮನೋಹರನಿಗೆ ವಿದ್ಯೆಯನ್ನು ಕಲಿಸಿದನು. ಆ ಅಳಿಯನು ದಶಕಗಳ ಕಾಲ ಅಲ್ಲಿ ಹಲವು ಭಾಷೆಗಳ ಮೊಳೆಗಳನ್ನು ಕೊರೆದನು. ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂದುದು ಆ ಶ್ರೀರಾಮಪುರದಿಂದಲೇ. ಇತ್ತ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದರು. 1843ರಲ್ಲಿ ಹೆರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಅಲ್ಲಿಂದ ಹೊರಟಿತು. 1894ರಲ್ಲಿ ಕಿಟ್ಟೆಲ್ಲರ ನಿಘಂಟು ಮೊಳೆಯಚ್ಚಿನಲ್ಲಿ ಅಲ್ಲಿಯೇ ಸಿದ್ಧವಾಯಿತು. ಆ ನಿಘಂಟಿನ ಯಾವ ಪುಟವನ್ನಾದರೂ ತೆರೆದು, ಕನ್ನಡದ ಅಕ್ಷರ, ಇಂಗ್ಲಿಷಿನ ವಿವರಣೆ, ನಡುನಡುವೆ ಚಿಹ್ನೆಗಳು, ಇವೆಲ್ಲ ಒಂದೇ ಅಂಕಣದಲ್ಲಿ ಸಾಲುತಪ್ಪದೆ ನಿಂತಿರುವುದನ್ನು ನೋಡಿದರೆ, ಅದನ್ನು ಜೋಡಿಸಿದ ಅನಾಮಧೇಯರ ವಿದ್ಯೆ ಎಂತಹುದಾಗಿರಬೇಕೆಂದು ಊಹಿಸಬಹುದು. ಕಿಟ್ಟೆಲ್ಲರ ಹೆಸರನ್ನು ನಾವು ಆದರದಿಂದ ಸ್ಮರಿಸುತ್ತೇವೆ, ಸ್ಮರಿಸತಕ್ಕದ್ದೇ. ಆ ಮೊಳೆಗಳನ್ನು ಎತ್ತಿಟ್ಟ ಬೆರಳುಗಳ ಒಡೆಯರು ಯಾರೆಂದು ಪುಸ್ತಕದ ಯಾವ ಪುಟವೂ ಹೇಳುವುದಿಲ್ಲ.

ಮೊಳೆ ಜೋಡಿಸುವ ಕೆಲಸವನ್ನು ಕಂಡಿಲ್ಲದ ಕಿರಿಯರು ಈ ಸಭೆಯಲ್ಲಿ ಅನೇಕರಿರುವುದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ಗೋಡೆಯ ಬದಿಯಲ್ಲಿ ಇಳಿಜಾರಾಗಿ ನಿಲ್ಲಿಸಿದ ಮರದ ಕೇಸುಗಳು, ಒಂದೊಂದರಲ್ಲಿಯೂ ಚಿಕ್ಕ ಚಿಕ್ಕ ಖಾನೆಗಳು, ಖಾನೆಗೊಂದು ಅಕ್ಷರ. ಇಂಗ್ಲಿಷಿಗೆ ಎರಡು ಕೇಸುಗಳು ಸಾಕಾಗುತ್ತಿದ್ದರೆ, ಕಾಗುಣಿತ, ಒತ್ತಕ್ಷರ, ಅರ್ಕಾವೊತ್ತುಗಳೆಲ್ಲ ಸೇರಿ ಕನ್ನಡಕ್ಕೆ ನೂರಾರು ಖಾನೆಗಳು ಬೇಕಾಗುತ್ತಿದ್ದುವು. ಕಂಪೋಸಿಟರು ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ನಿಲ್ಲಿಸುವ ಸ್ಟಿಕ್ಕನ್ನು ಹಿಡಿದು, ಹಸ್ತಪ್ರತಿಯ ಮೇಲೆ ಒಂದು ಕಣ್ಣಿಟ್ಟು, ಖಾನೆಗಳ ಕಡೆ ನೋಡದೆಯೇ ಬಲಗೈಯಿಂದ ಮೊಳೆಯನ್ನೆತ್ತಿ, ಅದರ ಮೈಮೇಲಿನ ಕಚ್ಚು ಹೆಬ್ಬೆರಳಿಗೆ ತಗಲಿದೊಡನೆ ಅದು ಸರಿಯಾಗಿ ಕುಳಿತಿದೆಯೆಂದು ಅರಿತು ಮುಂದಿನದಕ್ಕೆ ಕೈಚಾಚುವರು. ಮೊಳೆಯ ಮುಖದಲ್ಲಿ ಅಕ್ಷರ ಕನ್ನಡಿಯ ಬಿಂಬದಂತೆ ತಿರುಗಿರುವುದರಿಂದ, ಸಾಲನ್ನು ತಲೆಕೆಳಗಾಗಿ ಓದುವುದು ಅವರಿಗೆ ನಮಗೆ ನೇರವಾಗಿ ಓದುವಷ್ಟೇ ಸಹಜವಾಗಿರುತ್ತಿತ್ತು. ಸಾಲು ತುಂಬಿದ ಮೇಲೆ ಪದಗಳ ನಡುವೆ ಸ್ಪೇಸುಗಳನ್ನು ಸೇರಿಸಿಯೋ ತೆಗೆದೋ ಅಗಲಕ್ಕೆ ಹೊಂದಿಸಿ, ಸಾಲಿಗೂ ಸಾಲಿಗೂ ನಡುವೆ ಸೀಸದ ಪಟ್ಟಿಯನ್ನಿಟ್ಟು, ಗ್ಯಾಲಿಯೆಂಬ ತಟ್ಟೆಗೆ ಇಳಿಸಿ, ದಾರ ಸುತ್ತಿ ಕಟ್ಟಿ, ಮಸಿಯ ರೋಲರನ್ನು ಎಳೆದು ಕರಡು ತೆಗೆಯುವರು. ಆ ಕರಡು ನನ್ನ ಮೇಜಿಗೆ ಬರುವುದು. ನಾನು ಗುರುತು ಹಾಕಿದ ತಪ್ಪುಗಳನ್ನು ಚಿಮಟದಿಂದ ಕಿತ್ತು ಸರಿಪಡಿಸಿದ ಬಳಿಕ ಪುಟವಾಗಿ ಕಟ್ಟಿ, ಕಬ್ಬಿಣದ ಚೇಸಿನೊಳಗೆ ಬಿಗಿದು ಯಂತ್ರಕ್ಕೆ ಏರಿಸುವರು. ಅಚ್ಚಾದ ಮೇಲೆ ಮೊಳೆಗಳನ್ನು ತೊಳೆದು ಒಂದೊಂದನ್ನೂ ಅದರದರ ಖಾನೆಗೆ ಮರಳಿ ಹಾಕಬೇಕು. ಹೊಸದಾಗಿ ಸೇರಿದ ಹುಡುಗನಿಗೆ ಮೊದಲು ಕೊಡುತ್ತಿದ್ದುದು ಈ ಕೊನೆಯ ಕೆಲಸವನ್ನೇ. ತಿಂಗಳುಗಟ್ಟಲೆ ಮೊಳೆಗಳನ್ನು ಖಾನೆಗೆ ಹಾಕುತ್ತ ಹಾಕುತ್ತ ಖಾನೆಗಳ ಸ್ಥಾನ ಅವನ ಕೈಗೆ ಕಂಠಪಾಠವಾಗುತ್ತಿತ್ತು.

ಈ ವಿದ್ಯೆಯಲ್ಲಿ ಎರಡು ಪದರಗಳಿದ್ದುವು. ಮೇಲಿನ ಪದರ ಕೈಗೆ ಸೇರಿದುದು: ಖಾನೆಯ ಸ್ಥಾನ, ಮೊಳೆಯ ತೂಕ, ಬೆರಳುಗಳ ವೇಗ. ಕೆಳಗಿನ ಪದರ ವಿವೇಚನೆಗೆ ಸೇರಿದುದು. ಯಾವ ಪದವನ್ನು ಸಾಲಿನ ಕೊನೆಯಲ್ಲಿ ಒಡೆಯಬಹುದು, ಯಾವುದನ್ನು ಒಡೆದರೆ ಅರ್ಥ ಕೆಡುವುದು, ‘ರಾಷ್ಟ್ರ’ದಂತಹ ಎರಡು ಒತ್ತುಗಳ ಪದ ಬಂದಲ್ಲಿ ಕೆಳಗಿನ ಸಾಲಿನ ದೀರ್ಘಕ್ಕೆ ಅದು ತಾಗದಂತೆ ನೋಡಿಕೊಳ್ಳುವುದು ಹೇಗೆ, ಪದ್ಯದ ಪಾದಕ್ಕೂ ಗದ್ಯದ ಸಾಲಿಗೂ ಎಷ್ಟು ಅಂಚು ಬಿಡಬೇಕು, ಲೇಖಕರು ಒಂದು ಕಡೆ ‘ಅರಸ’ ಎಂದೂ ಇನ್ನೊಂದು ಕಡೆ ‘ಅರಸು’ ಎಂದೂ ಬರೆದಿದ್ದರೆ ಅದು ಉದ್ದೇಶಪೂರ್ವಕವೋ ಕೈತಪ್ಪೋ ಎಂದು ಕೇಳಿ ತಿಳಿಯುವುದು. ನನ್ನ ಮೊದಲ ವರ್ಷಗಳಲ್ಲಿ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಿದ್ದ ಒಬ್ಬ ಹಿರಿಯ ಕಂಪೋಸಿಟರು, ನಾನು ಕರಡಿನಲ್ಲಿ ಮಾಡಿದ ಒಂದು ತಿದ್ದುಪಡಿಯನ್ನು ಮೊಳೆಗೆ ಇಳಿಸದೆ ಕೈಯಲ್ಲಿಯೇ ಹಿಡಿದು ನನ್ನ ಮೇಜಿನ ಬಳಿಗೆ ಬಂದು, “ಸ್ವಾಮಿ, ಇದು ಹಳಗನ್ನಡದ ಪಾಠ. ಇಲ್ಲಿ ‘ಪ’ಕಾರವೇ ಇರಬೇಕು. ನೀವು ‘ಹ’ಕಾರ ಮಾಡಿದ್ದೀರಿ. ಒಮ್ಮೆ ನೋಡಿ,” ಎಂದರು. ನಾನು ಪದವೀಧರ, ತಪ್ಪು ನನ್ನದಾಗಿತ್ತು. ನಾಲ್ಕಾರು ಕಾವ್ಯಗಳನ್ನು ಒಂದೊಂದೇ ಅಕ್ಷರವಾಗಿ ಎತ್ತಿ ಜೋಡಿಸಿದ್ದರ ಫಲವಾಗಿ ಅವರಿಗೆ ಆ ಭಾಷೆಯ ಮೈಕಟ್ಟು ಗೊತ್ತಾಗಿತ್ತು. ಸಂಬಳದ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿನ ಮುಂದೆ ‘ಕಂಪೋಸಿಟರ್’ ಎಂಬ ಒಂದೇ ಪದವಿದ್ದು, ಆ ಪದ ಮೇಲಿನ ಪದರವನ್ನಷ್ಟೇ ಎಣಿಕೆಗೆ ತೆಗೆದುಕೊಂಡಿತ್ತು.

ಅನಂತರ ಕಾಲ ಬದಲಾಯಿತು. ದೊಡ್ಡ ಪತ್ರಿಕೆಗಳು ಮೊದಲು ಫೋಟೋ ಅಕ್ಷರಜೋಡಣೆಗೆ ಹೊರಳಿದುವು. ಎಂಬತ್ತರ ದಶಕದ ಕೊನೆಯ ವೇಳೆಗೆ ಗಣಕಯಂತ್ರ ಸಾಮಾನ್ಯ ಅಚ್ಚುಕೂಟಗಳ ಬಾಗಿಲಿಗೂ ಬಂದಿತು. ಈ ಬದಲಾವಣೆ ಅನಿವಾರ್ಯವಾಗಿತ್ತು, ಇಷ್ಟವಾಗತಕ್ಕದ್ದೂ ಆಗಿತ್ತು. ಸೀಸದ ಧೂಳಿನ ನಡುವೆ ಹತ್ತು ಗಂಟೆಗಳ ಕಾಲ ನಿಂತು, ನಡುವಯಸ್ಸಿಗೆ ಕಣ್ಣೂ ಮೊಳಕಾಲೂ ಸೋತವರನ್ನು ಹತ್ತಿರದಿಂದ ಬಲ್ಲ ನಾನು ಹಳೆಯ ಪದ್ಧತಿ ಮರಳಿ ಬರಲೆಂದು ಹಾರೈಸಲಾರೆ. ಕನ್ನಡವನ್ನು ಗಣಕಕ್ಕೆ ಹೊಂದಿಸಿದವರ ಪ್ರತಿಭೆಯೂ ಸಾಮಾನ್ಯವಾದುದಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೇ ತೆಗೆದುಕೊಳ್ಳಿ. ನೂರಾರು ಖಾನೆಗಳ ಕೆಲಸವನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೊಳಗೆ ಅಡಗಿಸಿ, ವ್ಯಂಜನವನ್ನೂ ಸ್ವರವನ್ನೂ ಉಚ್ಚಾರಣೆಯ ಕ್ರಮದಲ್ಲಿ ಒತ್ತುತ್ತ ಹೋದರೆ ಕಾಗುಣಿತವನ್ನೂ ಒತ್ತಕ್ಷರವನ್ನೂ ಯಂತ್ರವೇ ಕಟ್ಟಿಕೊಡುವಂತೆ ಅವರು ಮಾಡಿದುದು, ನಮ್ಮ ಪ್ರಾಚೀನ ವ್ಯಾಕರಣದ ವರ್ಣಕ್ರಮವನ್ನೇ ಯಂತ್ರದೊಳಗೆ ಇಟ್ಟಂತಾಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ಆ ವಿನ್ಯಾಸವನ್ನೇ ಆಧರಿಸಿತು. ಇಂದಿಗೂ ಸರ್ಕಾರಿ ಕಚೇರಿಗಳಲ್ಲಿ ಸಾವಿರಾರು ಬೆರಳುಗಳು ಅದರ ಮೇಲೆಯೇ ಓಡಾಡುತ್ತಿವೆ. ಯಂತ್ರವನ್ನು ರೂಪಿಸಿದವರು ಭಾಷೆಯ ಒಳರಚನೆಯನ್ನು ಬಿಡದೆ ಹಿಡಿದುಕೊಂಡರು. ಯಂತ್ರವನ್ನು ಕೊಂಡುತಂದವರು ಆ ಒಳರಚನೆಯನ್ನು ಬಲ್ಲ ಮನುಷ್ಯರನ್ನು ಬಿಟ್ಟುಬಿಟ್ಟರು. ನನ್ನ ದೂರು ಇಷ್ಟಕ್ಕೇ.

ನಾನು ದುಡಿಯುತ್ತಿದ್ದ ಅಚ್ಚುಕೂಟದಲ್ಲಿ ನಡೆದುದನ್ನು ಹೇಳುತ್ತೇನೆ. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿಗೆ ಎರಡು ಗಣಕಗಳು ಬಂದುವು. ಅವುಗಳಿಗಾಗಿ ಒಂದು ಕೊಠಡಿಯನ್ನು ಗಾಜಿನ ಗೋಡೆಯಿಂದ ಬೇರ್ಪಡಿಸಿ, ಚಪ್ಪಲಿಯನ್ನು ಹೊರಗೆ ಬಿಡಬೇಕೆಂಬ ನಿಯಮ ಮಾಡಿ, ಬೆರಳಚ್ಚು ಕಲಿತಿದ್ದ ಇಬ್ಬರು ಹುಡುಗರನ್ನು ಹೊಸದಾಗಿ ಸೇರಿಸಿಕೊಂಡು ಹದಿನೈದು ದಿನಗಳ ತರಬೇತಿಗೆ ಕಳುಹಿಸಿದರು. ಮೊಳೆ ಜೋಡಿಸುತ್ತಿದ್ದವರು ಆಗ ಏಳು ಜನ. ಅವರಲ್ಲಿ ಯಾರನ್ನೂ ಆ ಕೊಠಡಿಯೊಳಕ್ಕೆ ಕರೆಯಲಿಲ್ಲ. ಕರೆಯಬಾರದೆಂಬ ದ್ವೇಷವೂ ಯಾರಿಗೂ ಇರಲಿಲ್ಲ. ಅವರಿಗೆ ಇದು ತಿಳಿಯಲಾರದು, ಇಂಗ್ಲಿಷು ಬಾರದವರು, ವಯಸ್ಸಾದವರು ಎಂಬ ಭಾವನೆ ಗಾಳಿಯಂತೆ ಎಲ್ಲೆಡೆಯೂ ಹರಡಿತ್ತು, ಅವರ ಮನಸ್ಸಿನಲ್ಲಿಯೂ ಸಹ. ಪಕಾರ ಹಕಾರಗಳನ್ನು ನನಗೆ ತಿದ್ದಿ ಹೇಳಿದ ಆ ಹಿರಿಯರು ಒಂದು ದಿನ ಮಧ್ಯಾಹ್ನ ಗಾಜಿನ ಹೊರಗೆ ನಿಂತು ಪರದೆಯ ಮೇಲಿನ ಪುಟವನ್ನು ಬಹಳ ಹೊತ್ತು ದಿಟ್ಟಿಸುತ್ತಿದ್ದು, ಬಳಿಕ ನನ್ನ ಬಳಿಗೆ ಬಂದು, “ಆ ಮೂರನೇ ಸಾಲು ಬಿಚ್ಚಿಕೊಂಡಿದೆ, ಪದಗಳ ಮಧ್ಯೆ ಎತ್ತಿನಗಾಡಿ ಹೋಗುವಷ್ಟು ದಾರಿ ಬಿಟ್ಟಿದ್ದಾರೆ, ಹುಡುಗರಿಗೆ ಹೇಳಿ,” ಎಂದರು. ನಾನು ಹುಡುಗರಿಗೆ ಹೇಳಿದೆನು, ಸಾಲು ಸರಿಯಾಯಿತು. “ನೀವೇ ಒಳಕ್ಕೆ ಬಂದು ಹೇಳಿ,” ಎಂದು ಅವರನ್ನು ಕೈಹಿಡಿದು ಕರೆದೊಯ್ಯಬೇಕೆಂಬುದು ಮಾತ್ರ ನನಗೆ ಆಗ ತೋಚಲಿಲ್ಲ. ವರ್ಷ ತುಂಬುವುದರೊಳಗೆ ಕೇಸುಗಳು ಗುಜರಿಗೆ ಹೋದುವು, ಮೊಳೆಗಳನ್ನು ತೂಕಕ್ಕೆ ಮಾರಿದರು. ಏಳು ಜನರಲ್ಲಿ ಇಬ್ಬರನ್ನು ರಟ್ಟು ಕಟ್ಟುವ ವಿಭಾಗಕ್ಕೆ ಹಾಕಿದರು. ಉಳಿದವರು ಒಬ್ಬೊಬ್ಬರಾಗಿ ಲೆಕ್ಕ ತೀರಿಸಿಕೊಂಡು ಹೋದರು. ಆ ಹಿರಿಯರು ಹೊರಟ ದಿನ ತಮ್ಮ ಸ್ಟಿಕ್ಕನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು. ಅಂದು ನಾನು ಮೌನವಾಗಿದ್ದುದು ಇಂದಿಗೂ ನನಗೆ ನೋವಿನ ವಿಷಯ.

ಆ ಗಾಜಿನ ಕೊಠಡಿಯೊಳಗೆ ಆಡುತ್ತಿದ್ದ ಭಾಷೆ ಯಾರದಾಗಿತ್ತೆಂಬುದನ್ನು ಈಗ ಯೋಚಿಸಿ ನೋಡಿರಿ. ಅಕ್ಷರದ ಗಾತ್ರವನ್ನು ಹುಡುಗರು ಪಾಯಿಂಟುಗಳಲ್ಲಿ ಹೇಳುತ್ತಿದ್ದರು. ಹನ್ನೆರಡು ಪಾಯಿಂಟು, ಹದಿನಾಲ್ಕು ಪಾಯಿಂಟು ಎಂಬುದು ಮೊಳೆಯ ಮೈಯಳತೆ, ಅದು ಕಂಪೋಸಿಟರ ಬೆರಳಿಗೆ ಗೊತ್ತಿದ್ದ ಅಳತೆ. ಸಾಲುಗಳ ನಡುವಣ ಅಂತರಕ್ಕೆ ತಂತ್ರಾಂಶದಲ್ಲಿ ‘ಲೆಡಿಂಗ್’ ಎಂಬ ಹೆಸರು; ಸಾಲುಗಳ ನಡುವೆ ಅವರು ಇಡುತ್ತಿದ್ದ ಸೀಸದ ಪಟ್ಟಿಯೇ ಆ ಲೆಡ್ಡು. ಅಗಲವನ್ನು ಅಳೆಯುವ ಎಮ್ಮು ಅವರದು, ‘ಫಾಂಟ್’ ಎಂಬ ಪದವೂ ಲೋಹವನ್ನು ಎರಕ ಹೊಯ್ಯುವವರ ಕುಲುಮೆಯಿಂದ ಬಂದುದು. ಯಂತ್ರವನ್ನು ರೂಪಿಸಿದವರು ಅಚ್ಚುಕೂಟದ ನಿಘಂಟನ್ನೇ ಎತ್ತಿಕೊಂಡು ಪರದೆಯೊಳಗೆ ಇರಿಸಿದ್ದರು. ತರಬೇತಿ ಕೊಡುವವರಲ್ಲಿ ಒಬ್ಬರಾದರೂ ಆ ಏಳು ಜನರನ್ನು ಕೂರಿಸಿಕೊಂಡು, “ಇದೋ ನೋಡಿ, ಇದು ನಿಮ್ಮ ಗ್ಯಾಲಿ, ಇದು ನಿಮ್ಮ ಲೆಡ್ಡು, ಇದು ನಿಮ್ಮ ಎಮ್ಮು, ಹೊಸದಾಗಿರುವುದು ಈ ಹಲಗೆಯೊಂದೇ,” ಎಂದಿದ್ದರೆ ಕಲಿಕೆಯ ಅರ್ಧ ಭಾಗ ಅಲ್ಲಿಯೇ ಮುಗಿದುಹೋಗುತ್ತಿತ್ತು. ಬಲ್ಲವನಿಗೆ ಅವನು ಬಲ್ಲನೆಂಬುದನ್ನು ತೋರಿಸಿಕೊಡುವುದೇ ಪ್ರೌಢರ ಶಿಕ್ಷಣದಲ್ಲಿ ಮೊದಲ ಪಾಠವಾಗಬೇಕೆಂದು ನಾನು ಅಂದಿನಿಂದ ನಂಬಿದ್ದೇನೆ. ನಮ್ಮ ತರಬೇತಿಗಳಾದರೋ ಎದುರಿಗಿರುವವನು ಖಾಲಿ ಪಾತ್ರೆಯೆಂದು ಭಾವಿಸಿಕೊಂಡೇ ಆರಂಭವಾಗುತ್ತವೆ.

ಇದು ಆಗಲಾರದ ಕೆಲಸವಾಗಿರಲಿಲ್ಲವೆಂಬುದಕ್ಕೆ ನನ್ನ ಬಳಿ ಪ್ರಮಾಣವಿದೆ. ಕೆಲವು ವರ್ಷಗಳ ತರುವಾಯ ಒಂದು ತಾಲ್ಲೂಕು ಕೇಂದ್ರದ ಚಿಕ್ಕ ಅಚ್ಚುಕೂಟದಲ್ಲಿ ನನ್ನ ಪುಸ್ತಕವೊಂದನ್ನು ಅಚ್ಚು ಮಾಡಿಸಬೇಕಾಗಿ ಬಂದಾಗ, ಅಲ್ಲಿ ಗಣಕದ ಮುಂದೆ ಐವತ್ತರ ಹತ್ತಿರದ ಒಬ್ಬರು ಕುಳಿತಿದ್ದರು. ಅವರೂ ಮೊಳೆ ಜೋಡಿಸುತ್ತಿದ್ದವರೇ. ಅಲ್ಲಿನ ಯಜಮಾನರು ಯಂತ್ರ ಬಂದ ಬಳಿಕ ಆರು ತಿಂಗಳ ಕಾಲ ಪ್ರತಿದಿನವೂ ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಯಂತ್ರವನ್ನು ಅವರಿಗಾಗಿಯೇ ಬಿಟ್ಟುಕೊಡುತ್ತಿದ್ದರಂತೆ. ಆ ಎರಡು ಗಂಟೆಗಳಿಗೂ ಸಂಬಳ ಎಂದಿನಂತೆಯೇ. ಮೊದಲ ತಿಂಗಳು ‘ಕ’ಕಾರಕ್ಕೆ ಕೈ ತಾನಾಗಿ ಹಳೆಯ ಖಾನೆಯ ಕಡೆಗೆ, ಗಾಳಿಯಲ್ಲಿಯೇ ಚಾಚುತ್ತಿತ್ತೆಂದು ಅವರು ನನಗೆ ಹೇಳಿದರು. ಕೀಲಿಗಳ ಮೇಲೆ ಕನ್ನಡ ಅಕ್ಷರ ಬರೆದ ಕಾಗದದ ಚೂರುಗಳನ್ನು ಅಂಟಿಸಿಕೊಂಡರು. ಮೂರನೆಯ ತಿಂಗಳು ಅವು ಬೆವರಿಗೆ ಕಿತ್ತುಹೋದುವು, ಮತ್ತೆ ಅಂಟಿಸುವ ಅವಶ್ಯಕತೆ ಬೀಳಲಿಲ್ಲ. ಯಜಮಾನರ ಮಗ, ಇಪ್ಪತ್ತರ ಹುಡುಗ, ಅವರ ಪಕ್ಕದಲ್ಲಿ ಕುಳಿತು ಯಂತ್ರವನ್ನು ಕಲಿಸುತ್ತ, ಪುಟ ಕಟ್ಟುವುದನ್ನು ಅವರಿಂದ ಕಲಿತುಕೊಂಡನು. ನನ್ನ ಪುಸ್ತಕದ ಕರಡಿನಲ್ಲಿ ನಾನು ಗುರುತಿಸಬೇಕಾದ ತಪ್ಪುಗಳು ಬಹಳ ಕಡಮೆಯಿದ್ದುವು. ಒಂದು ಅಧ್ಯಾಯದ ಕೊನೆಯ ಸಾಲು ಒಂಟಿಯಾಗಿ ಮುಂದಿನ ಪುಟಕ್ಕೆ ಹೋಗುತ್ತಿದ್ದುದನ್ನು ಅವರು ನಾನು ಹೇಳುವ ಮೊದಲೇ ಸರಿಪಡಿಸಿದ್ದರು. ಆ ಊರಿನ ಅಚ್ಚುಕೂಟ ಯಾವ ಧನಸಹಾಯವನ್ನೂ ಪಡೆದುದಲ್ಲ. ಅದು ಮಾಡಿದ ವೆಚ್ಚ ದಿನಕ್ಕೆ ಎರಡು ಗಂಟೆ, ಅಷ್ಟೆ.

ಹಾಗೆ ಉಳಿದುಕೊಂಡ ಹಳೆಯ ವಿವೇಚನೆ ಮುಂದೆ ಎಂತಹ ಬೆಲೆಗೆ ಬಂದಿತೆಂಬುದನ್ನೂ ಹೇಳಬೇಕು. ಮೊದಮೊದಲು ಒಂದೊಂದು ಕಂಪನಿಯ ತಂತ್ರಾಂಶವೂ ಕನ್ನಡದ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಇಟ್ಟುಕೊಂಡಿದ್ದುದರಿಂದ ಒಂದರಲ್ಲಿ ಜೋಡಿಸಿದುದನ್ನು ಇನ್ನೊಂದರಲ್ಲಿ ತೆರೆದರೆ ಅಸಂಬದ್ಧ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಕನ್ನಡ 1991ರಲ್ಲಿಯೇ ಎಲ್ಲರಿಗೂ ಸಮಾನವಾದ ಸಂಕೇತಕ್ರಮವೆನಿಸಿದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಸ್ಥಾನ ಪಡೆದಿದ್ದರೂ ನಮ್ಮ ಅಚ್ಚುಕೂಟಗಳು ಅಲ್ಲಿಗೆ ತಲಪಲು ಬಹಳ ಕಾಲ ಹಿಡಿಯಿತು. ಹಳೆಯ ಕಡತಗಳನ್ನು ಪರಿವರ್ತಿಸುವಾಗ ವಿಚಿತ್ರವಾದ ದೋಷಗಳು ತಲೆದೋರಿದುವು. ‘ಧರ್ಮ’ ಎಂಬಲ್ಲಿ ರೇಫ ಉಚ್ಚಾರಣೆಯಲ್ಲಿ ಮೊದಲು ಬರುವುದು, ಬರವಣಿಗೆಯಲ್ಲಿ ಅದರ ಗುರುತಾದ ಅರ್ಕಾವೊತ್ತು ಮಕಾರದ ಆಚೆಗೆ ನಿಲ್ಲುವುದು. ಹಳೆಯ ಸಂಕೇತ ಕಣ್ಣಿನ ಕ್ರಮವನ್ನು ಅನುಸರಿಸಿತ್ತು, ಹೊಸದು ಕಿವಿಯ ಕ್ರಮವನ್ನು. ಎರಡರ ನಡುವೆ ಸಿಕ್ಕಿಕೊಂಡ ಅರ್ಕಾವೊತ್ತು ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ನೆಗೆಯುತ್ತಿತ್ತು. ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಭೇದ ತಿಳಿಯದೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಒತ್ತಿದ ಪುಟಗಳು ನೋಡಲು ಶುದ್ಧವಾಗಿದ್ದು, ಹುಡುಕಹೊರಟಾಗ ಪದವೇ ಸಿಕ್ಕದೆ ಹೋಗುತ್ತಿದ್ದುವು. ರಾಜ್‌ಕುಮಾರ್ ಎಂಬ ಹೆಸರು ‘ರಾಜ್ಕುಮಾರ್’ ಎಂದು ಮೈಮುದುರಿಕೊಂಡು ನಿಂತುದನ್ನು ತಾವೆಲ್ಲರೂ ಕಂಡಿದ್ದೀರಿ. ಇಂತಹ ದೋಷ ಏಕೆ ಹುಟ್ಟುತ್ತದೆಂಬುದನ್ನು ನನಗೆ ವಿವರಿಸಿದವರಲ್ಲಿ ಆ ತಾಲ್ಲೂಕು ಕೇಂದ್ರದ ಕಂಪೋಸಿಟರು ಮೊದಲಿಗರು. ಒತ್ತನ್ನೂ ಅರ್ಕಾವೊತ್ತನ್ನೂ ಪ್ರತ್ಯೇಕ ಮೊಳೆಗಳಾಗಿ ಕೈಯಲ್ಲಿ ಹಿಡಿದಿದ್ದವರಿಗೆ ಅಕ್ಷರ ಎಷ್ಟು ಅಂಗಗಳಿಂದಾದುದೆಂದು ಯಾರೂ ಕಲಿಸಬೇಕಾಗಿರಲಿಲ್ಲ.

ಬೇರೊಂದು ಉದ್ಯೋಗದ ಉದಾಹರಣೆಯನ್ನು ಸಂಕ್ಷೇಪವಾಗಿ ಮುಂದಿಡುತ್ತೇನೆ. ಬ್ಯಾಂಕುಗಳ ತವರೆನಿಸಿದ ನಾಡು ನಮ್ಮದು. 1906ರಲ್ಲಿ ಕೆನರಾ ಬ್ಯಾಂಕೂ ಕಾರ್ಪೊರೇಷನ್ ಬ್ಯಾಂಕೂ, 1913ರಲ್ಲಿ ಮೈಸೂರು ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಇಲ್ಲಿ ಹುಟ್ಟಿದುವು. ಅಲ್ಲಿನ ಗುಮಾಸ್ತರೂ ಯಂತ್ರಕ್ಕೆ ಅಂಜಿದರು, ಸಂಘಗಳು ಪ್ರತಿಭಟಿಸಿದುವು. ಆದರೆ ಅಲ್ಲಿ ಮಾಲಿಕವರ್ಗವೂ ನೌಕರರ ಸಂಘಗಳೂ ಮೇಜಿನ ಎರಡು ಬದಿಗಳಲ್ಲಿ ಕುಳಿತು 1983ರಲ್ಲಿ ಯಂತ್ರೀಕರಣದ ಬಗ್ಗೆ ಒಪ್ಪಂದಕ್ಕೆ ಬಂದುವು. ಬ್ಯಾಂಕುಗಳ ಯಂತ್ರೀಕರಣವನ್ನು ಕುರಿತ ರಂಗರಾಜನ್ ಸಮಿತಿ 1984ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಲೆಡ್ಜರು ಬರೆಯುತ್ತಿದ್ದ ಗುಮಾಸ್ತರೇ ಕ್ರಮೇಣ ಪರದೆಯ ಮುಂದೆ ಕುಳಿತರು. 1928ರಲ್ಲಿ ಸ್ಥಾಪಿತವಾದ ಬ್ಯಾಂಕರುಗಳ ಸಂಸ್ಥೆ ನಡೆಸುವ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಸಂಬಳದಲ್ಲಿ ಬಡ್ತಿ ದೊರಕುತ್ತಿದ್ದುದರಿಂದ ಕಲಿಕೆಗೆ ಅಲ್ಲಿ ನಗದಿನ ಮರ್ಯಾದೆಯೂ ಇತ್ತು. ಎಲ್ಲವೂ ಸುಖವಾಗಿ ಮುಗಿಯಿತೆಂದು ನಾನು ಹೇಳುವುದಿಲ್ಲ. ಈ ಶತಮಾನದ ಆರಂಭದಲ್ಲಿ ಸ್ವಯಂನಿವೃತ್ತಿ ಯೋಜನೆಯಡಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ನೌಕರರು ಹೊರನಡೆದರು. ಅನುಭವಿಗಳ ಆ ನಿರ್ಗಮನದ ಪೆಟ್ಟನ್ನು ಶಾಖೆಗಳಲ್ಲಿ ಸಾಲು ನಿಂತ ನಮ್ಮಂತಹವರು ಉಂಡೆವು. ಆದರೂ ಮೊದಲು ಮಾತುಕತೆ, ಬಳಿಕ ಯಂತ್ರ ಎಂಬ ಕ್ರಮದಿಂದಾಗಿ ಒಂದು ತಲೆಮಾರು ಬೀದಿಗೆ ಬೀಳದೆ ದಡ ಸೇರಿತು. ಸಂಘಬಲವಿಲ್ಲದ ಅಚ್ಚುಕೂಟದ ಏಳು ಜನರಿಗೆ ಆ ಕ್ರಮ ಒದಗಲಿಲ್ಲ.

ಕಾನೂನು ಏನು ಹೇಳುತ್ತದೆಂದು ತಾವು ಕೇಳಬಹುದು. ನೌಕರರು ಕೆಲಸ ಕಳೆದುಕೊಳ್ಳುವ ಸಂಭವವಿರುವಂತಹ ಯಂತ್ರಸುಧಾರಣೆಯನ್ನು ಕೈಗೊಳ್ಳುವ ಮೊದಲು ಅವರಿಗೆ 21 ದಿನಗಳ ಸೂಚನೆ ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ವಿಧಿಯೊಂದು ಸೇರಿತ್ತು. ನಾನು ಬಲ್ಲ ಚಿಕ್ಕ ಅಚ್ಚುಕೂಟಗಳಲ್ಲಿ ಅದನ್ನು ಓದಿದವರನ್ನು ನಾನು ಕಾಣೆ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸದಿಂದ ತೆಗೆಯಲ್ಪಟ್ಟ ಕಾರ್ಮಿಕರು ಹೊಸ ಕೌಶಲ ಕಲಿಯುವುದಕ್ಕೆಂದು ಒಂದು ನಿಧಿಯನ್ನು ಕಲ್ಪಿಸಿದೆ. ಕಾರ್ಮಿಕನ ಕೊನೆಯ ವೇತನದ 15 ದಿನಗಳ ಮೊತ್ತವನ್ನು ಮಾಲಿಕನು ಆ ನಿಧಿಗೆ ಸಲ್ಲಿಸಬೇಕು, ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಸೇರಬೇಕು. ಕಲಿಕೆಯೂ ಕಾರ್ಮಿಕನ ಹಕ್ಕಿನೊಳಗೆ ಸೇರಿದುದೆಂದು ಕಾನೂನು ಒಪ್ಪಿಕೊಂಡದ್ದು ಸಂತೋಷದ ಸಂಗತಿ. ಆದರೆ ಮೂವತ್ತು ವರ್ಷಗಳ ಕೈಯಭ್ಯಾಸವನ್ನು ತಿರುಗಿಸಿ ಹೊಸ ದಾರಿಗೆ ಹಚ್ಚಲು ಆ ತಾಲ್ಲೂಕು ಕೇಂದ್ರದ ಕಂಪೋಸಿಟರಿಗೆ ಆರು ತಿಂಗಳು ಬೇಕಾಯಿತು. 15 ದಿನಗಳ ಕೂಲಿ ಅದರಲ್ಲಿ ಎಷ್ಟು ದೂರ ನಡೆದೀತು? ಅದಕ್ಕಿಂತಲೂ ಮುಖ್ಯವಾದ ಕೊರತೆಯೆಂದರೆ, ನಿಧಿಯ ಈ ಹಣ ಕಾರ್ಮಿಕನ ಕೈಸೇರುವುದು ಅವನು ಬಾಗಿಲಾಚೆಗೆ ಹೋದ ಮೇಲೆ. ಕಲಿಕೆ ನಡೆಯಬೇಕಾದುದು ಬಾಗಿಲೊಳಗೆ, ಅವನ ವಿವೇಚನೆಯ ಬೆಲೆಯನ್ನು ಬಲ್ಲ ಜನರ ನಡುವೆ, ಅವನು ದಿನವೂ ಮಾಡುತ್ತಿದ್ದ ಕೆಲಸದ ಪಕ್ಕದಲ್ಲಿಯೇ. ಶಾಲೆಯಲ್ಲಿ ಕಲಿಯದೆ ಕೆಲಸದಿಂದಲೇ ಕಲಿತವರ ಪೂರ್ವಕಲಿಕೆಗೆ ಮಾನ್ಯತೆ ಕೊಡುವ ಏರ್ಪಾಡು ಈಗ ಕೇಂದ್ರ ಸರ್ಕಾರದ ಕೌಶಲ ಯೋಜನೆಯಲ್ಲಿದೆ. ಇದು ಬಹಳ ತಡವಾಗಿ ಬಂದ ಬಹಳ ಒಳ್ಳೆಯ ಆಲೋಚನೆ. ಗೋಡೆಗೆ ತೂಗುಹಾಕುವ ಪ್ರಮಾಣಪತ್ರದಲ್ಲಿ ಅದು ಕೊನೆಗೊಳ್ಳದೆ ಸಂಬಳದ ಪಟ್ಟಿಯವರೆಗೂ ಬರಬೇಕೆಂಬುದು ನನ್ನ ಆಶಯ.

ನೌಕರರಲ್ಲಿಯೂ ನನ್ನದೊಂದು ಮಾತಿದೆ. ಕಲಿಸುವವರು ಕರೆಯಲಿಲ್ಲವೆಂದು ಕುಳಿತುಬಿಡುವುದು, ‘ನಮ್ಮ ಕಾಲ ಮುಗಿಯಿತು’ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಳ್ಳುವುದು, ಇವು ನಮ್ಮಲ್ಲಿ ವಿನಯದ ವೇಷದಲ್ಲಿ ಬರುವ ದೌರ್ಬಲ್ಯಗಳು. ಕಿರಿಯರಿಂದ ಕಲಿಯಲು ಸಂಕೋಚಪಡುವವರು ಕಿರಿಯರಿಗೆ ಕಲಿಸುವ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಆದರೆ ಈ ಮಾತನ್ನು ನಾನು ಒತ್ತಿ ಹೇಳಲಾರೆ. ಐವತ್ತು ವಯಸ್ಸಿನಲ್ಲಿ, ಹೆಣ್ಣುಮಕ್ಕಳ ಮದುವೆಯ ಸಾಲವನ್ನು ಹೊತ್ತು, ಸಂಜೆ ದಣಿದು ಮನೆಗೆ ಹೋಗುವವನಿಗೆ, “ನಿನ್ನ ಸ್ವಂತ ಸಮಯದಲ್ಲಿ, ನಿನ್ನ ಸ್ವಂತ ಹಣದಲ್ಲಿ ಕಲಿತುಕೋ,” ಎನ್ನುವುದು ಸುಲಭವಾದ ಉಪದೇಶ. ಕೊಡುವವರಿಗೆ ಅದರಲ್ಲಿ ಕಿಂಚಿತ್ತೂ ಖರ್ಚಿಲ್ಲ. ಯಂತ್ರದಿಂದ ಲಾಭ ಯಾರಿಗೆ ಹೆಚ್ಚಾಗಿ ಬರುವುದೋ ಕಲಿಕೆಯ ಭಾರವೂ ಅವರ ಹೆಗಲಿಗೆ ಹೆಚ್ಚಾಗಿ ಬರುವುದೇ ನ್ಯಾಯ.

ಅಚ್ಚುಕೂಟದ ಈ ಪ್ರಸಂಗವನ್ನು ಹಳೆಯ ಕಥೆಯೆಂದು ತಾವು ಬದಿಗಿಡಲಾಗದಂತಹ ಕಾರಣವೂ ಇದೆ. ಗಾಜಿನ ಕೊಠಡಿಯಲ್ಲಿ ಅಂದು ಗಣಕದ ಮುಂದೆ ಕುಳಿತಿದ್ದ ಇಬ್ಬರು ಹುಡುಗರಿಗೆ ಈಗ ಐವತ್ತೈದರ ಆಜುಬಾಜು. ಡಿಟಿಪಿಯೆಂಬ ಅವರ ಕಸುಬೂ ಈಗ ಅಲುಗಾಡುತ್ತಿದೆ. ಅಚ್ಚಾದ ಪುಟದ ಚಿತ್ರವನ್ನು ಓದಿ ತಾನೇ ಅಕ್ಷರವಾಗಿಸುವ ಯಂತ್ರ, ಆಡಿದ ಮಾತನ್ನು ಕೇಳಿ ಬರೆದುಕೊಳ್ಳುವ ಯಂತ್ರ, ಕೇಳಿದೊಡನೆ ಪುಟವನ್ನೂ ಪತ್ರವನ್ನೂ ರಚಿಸಿಕೊಡುವ ಯಂತ್ರ, ಇವೆಲ್ಲ ಕನ್ನಡಕ್ಕೂ ಬಂದಿವೆ. ಅವರಲ್ಲೊಬ್ಬರು ಕಳೆದ ವರ್ಷ ನನ್ನ ಮನೆಗೆ ಬಂದು, “ಸಾರ್, ಅವತ್ತು ಮೊಳೆಯವರು ಗಾಜಿನಾಚೆ ನಿಂತಿದ್ದರಲ್ಲ, ಈಗ ನಾವು ನಿಂತಿದ್ದೀವಿ,” ಎಂದರು. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡದ ಪುಟಗಳನ್ನು ಕಟ್ಟಿದ ಕಣ್ಣು ಅವರದು. ಯಂತ್ರ ಬರೆದ ಕನ್ನಡದಲ್ಲಿ ವಿಭಕ್ತಿ ಎಲ್ಲಿ ಜಾರಿದೆ, ಯಾವ ವಾಕ್ಯ ಇಂಗ್ಲಿಷಿನ ನೆರಳಾಗಿ ಬಿದ್ದಿದೆ, ಯಾವ ಹೆಸರು ತಪ್ಪಾಗಿದೆ ಎಂಬುದನ್ನು ಅವರು ಒಂದು ನೋಟದಲ್ಲಿ ಹಿಡಿಯಬಲ್ಲರು. ಆ ನೋಟದ ಅವಶ್ಯಕತೆ ಮುಂದೆ ಕಡಮೆಯಾಗುವುದಿಲ್ಲ, ಹೆಚ್ಚಾಗುವುದು. ಆದರೆ ಅವರ ಸಂಬಳದ ಪಟ್ಟಿಯಲ್ಲಿ ಬರೆದಿರುವುದು ‘ಆಪರೇಟರ್’ ಎಂದು.

ಈ ಸಭೆಯಲ್ಲಿ ಅಚ್ಚುಕೂಟಗಳ ಯಜಮಾನರಿದ್ದೀರಿ, ಕಚೇರಿಗಳ ಮುಖ್ಯಸ್ಥರಿದ್ದೀರಿ, ಸಹಕಾರ ಸಂಘಗಳ ಕಾರ್ಯದರ್ಶಿಗಳಿದ್ದೀರಿ. ನಾಳೆ ತಾವು ಹೊಸ ಯಂತ್ರಕ್ಕೋ ತಂತ್ರಾಂಶಕ್ಕೋ ಹಣ ಮಂಜೂರು ಮಾಡುವ ಟಿಪ್ಪಣಿಗೆ ರುಜು ಹಾಕುವ ಮೊದಲು, ಆ ಕೆಲಸವನ್ನು ಈವರೆಗೆ ಮಾಡುತ್ತಿರುವವರನ್ನು ಹೆಸರು ಹಿಡಿದು ಒಳಕ್ಕೆ ಕರೆದು ಯಂತ್ರದ ಮುಂದೆ ಕೂರಿಸಿರಿ. ಅವರು ಏನನ್ನು ಬಲ್ಲರೆಂದು ಅವರನ್ನೇ ಕೇಳಿರಿ. ಯಂತ್ರದ ಬೆಲೆ ಬರೆದ ಸಾಲಿನ ಕೆಳಗೆ, ಅವರು ಸಂಬಳಸಹಿತವಾಗಿ ಕಲಿಯುವ ಗಂಟೆಗಳ ವೆಚ್ಚಕ್ಕೆಂದು ಇನ್ನೊಂದು ಸಾಲನ್ನು ಬರೆಯಿರಿ. ಇದು ತಮ್ಮಲ್ಲಿ ನನ್ನ ಪ್ರಾರ್ಥನೆ.